ಸ್ಯಾಲಿ ಹ್ಯೂಸ್ ಹೆಸರಿನಲ್ಲಿ ನುಡಿಸಿದ ಸುರುಳಿಗಳು

ನಾನು ಬಿಟ್ಟು ಬಂದ ಕುರ್ಚಿಯಲ್ಲಿ ಈಗ ಮೇಘನಾ ಎಂಬ ಮೈಸೂರಿನ ಹುಡುಗಿ ಕೂರುತ್ತಾಳೆ. ಸೇರಿದ ವಾರವೇ ಫೋನ್ ಮಾಡಿ, "ಆಂಟಿ, ಈ ಕೆಲಸದ ಬಗ್ಗೆ ಏನಾದ್ರೂ ಟಿಪ್ಸ್ ಕೊಡಿ, ಎಷ್ಟು ಸರ್ಚ್ ಮಾಡಿದ್ರೂ ಏನೂ ಸಿಗ್ತಿಲ್ಲ" ಎಂದಳು. ಸಿಗುವುದಿಲ್ಲ. ಇದನ್ನು ಮಾಡುವವರೇ ಕಡಿಮೆ, ಮಾಡಿದ ಮೇಲೆ ಬರೆದಿಟ್ಟವರು ಇನ್ನೂ ಕಡಿಮೆ. ಅವಳಿಗೂ, ಅವಳ ನಂತರ ಯಾರಾದರೂ ಬಂದರೆ ಅವರಿಗೂ ಇರಲಿ ಎಂದು ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಯಾರು ಹೊಗಳಿದರು ಎಂಬುದನ್ನು ಬಿಟ್ಟಿದ್ದೇನೆ. ಕೆಲಸದಲ್ಲಿ ಅದರಿಂದ ಯಾರಿಗೂ ಉಪಯೋಗವಾದದ್ದನ್ನು ನಾನು ಕಂಡಿಲ್ಲ.

ಮೊದಲು ವಸ್ತು ಏನೆಂದು ಹೇಳಬೇಕು. ಕೈಯಿಂದ ನುಡಿಸದೆಯೂ ನುಡಿಯುವ ಒಂದು ಬಗೆಯ ಪಿಯಾನೋ ಇದೆ. ಅದರ ಹೊಟ್ಟೆಯೊಳಗೆ ಕಾಗದದ ಸುರುಳಿಯೊಂದನ್ನು ಹಾಕಿ, ಕೆಳಗಿನ ಎರಡು ಮೆಟ್ಟುಗಳನ್ನು ಕಾಲಿನಿಂದ ತುಳಿಯಬೇಕು. ಕಾಗದದ ತುಂಬ ತೂತುಗಳಿರುತ್ತವೆ. ಯಾವ ತೂತಿನಿಂದ ಗಾಳಿ ಒಳಗೆ ಹೋಗುತ್ತದೆಯೋ ಆ ಮನೆ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿ, ತಾನೇ ಕೆಳಗಿಳಿದು ಸ್ವರ ಹೊರಡುತ್ತದೆ. ಆ ತೂತುಗಳು ಎಲ್ಲಿರಬೇಕೆಂದು ತಿಳಿಯಲು ಯಾರಾದರೂ ಮೊದಲು ನಿಜವಾಗಿ ಕೂತು ನುಡಿಸಬೇಕು. ನುಡಿಸಿದ್ದನ್ನು ಕಂಪ್ಯೂಟರ್ ಹಿಡಿದಿಟ್ಟುಕೊಳ್ಳುತ್ತದೆ, ತಿದ್ದುವವರು ತಿದ್ದುತ್ತಾರೆ, ಯಂತ್ರ ತೂತು ಹೊಡೆಯುತ್ತದೆ. ನಾನು ಆ ನುಡಿಸುವವಳು. ಇದೆಲ್ಲ ಅಜ್ಜ ಮುತ್ತಜ್ಜರ ಕಾಲದ ಆಟಿಕೆ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಆದರೆ ಅಂಥ ಪಿಯಾನೋಗಳು ನಾವು ಬಂದು ನೆಲೆಸಿದ ಈ ದೇಶದ ಮನೆಗಳಲ್ಲಿ ಇನ್ನೂ ಇವೆ, ಅವಕ್ಕೆ ಹೊಸ ಸುರುಳಿ ಬೇಕು ಎನ್ನುವವರೂ ಇದ್ದಾರೆ.

ನನ್ನ ಅಪ್ಪ ಈರಪ್ಪ ಹೂಗಾರ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರ ಆಗಿದ್ದ. ಪೇಟಿ ಅಂದರೆ ಹಾರ್ಮೋನಿಯಂ. ಅಪ್ಪನದು ಕಾಲಿನಿಂದ ತುಳಿಯುವ ದೊಡ್ಡ ಪೇಟಿ, ರಂಗದ ಮುಂದಿನ ತಗ್ಗಿನಲ್ಲಿ ಇಡುವಂಥದ್ದು. ಕಂಪನಿ ಊರಿಂದ ಊರಿಗೆ ಕ್ಯಾಂಪ್ ಹಾಕಿದಂತೆ ನನ್ನ ಶಾಲೆಯೂ ಬದಲಾಗುತ್ತಿತ್ತು. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಪಾಸಾಗಿ, ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಸಂಗೀತ ತೆಗೆದುಕೊಂಡು ಬಿ.ಎ. ಮಾಡಿದೆ. ನಮ್ಮ ಮನೆತನದಲ್ಲಿ ಅದೇ ಮೊದಲ ಪದವಿ. ಪದವಿ ಪತ್ರದಲ್ಲಿ 'ಶಕುಂತಲಾ ಈರಪ್ಪ ಹೂಗಾರ' ಎಂದು ಅಚ್ಚಾಗಿದ್ದನ್ನು ಅಪ್ಪ ಬೆರಳಿಟ್ಟು ಓದಿದ. ಕಂಪನಿಯ ಕರಪತ್ರದಲ್ಲಿ ನಟ ನಟಿಯರ ಹೆಸರುಗಳು ದಪ್ಪಕ್ಷರದಲ್ಲಿ ಇರುತ್ತಿದ್ದವು, ಪೇಟಿ ಮಾಸ್ತರನ ಹೆಸರು ಇರುತ್ತಿರಲಿಲ್ಲ. "ನನ್ನ ಹೆಸರು ಅಚ್ಚಾಗಿದ್ದು ಇದs ಮೊದಲು ನೋಡು" ಎಂದ.

ಅಪ್ಪನಿಂದ ಕಲಿತದ್ದರಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಡೆಯ ನಾಟಕದಲ್ಲಿ ಹಾಡು ಮನಸ್ಸಿಗೆ ಹಿಡಿಸಿದರೆ ಜನ "ವನ್ಸ್ ಮೋರ್" ಎಂದು ಕೂಗುತ್ತಾರೆ. ಕೂಗಿದರೆ ಹಾಡನ್ನು ಪಲ್ಲವಿಯಿಂದ ಮತ್ತೆ ಎತ್ತಿಕೊಳ್ಳಬೇಕು. ಆದರೆ ಅವರು ಕೂಗಲು ಜಾಗ ಬೇಕಲ್ಲ. ಕೊನೆಯ ಸಾಲಿಗೆ ಮುಂಚೆ ಪೇಟಿ ಮಾಸ್ತರ ಒಂದು ಸ್ವರ ಹಿಡಿದು ತುಸು ತಡೆಯುತ್ತಾನೆ. ಕೂಗು ಬಂದರೆ ಹಿಂದಕ್ಕೆ, ಬರದಿದ್ದರೆ ಮುಂದಕ್ಕೆ. ಕಾದದ್ದು ಮಾತ್ರ ಯಾರಿಗೂ ಗೊತ್ತಾಗಬಾರದು, ಗೊತ್ತಾದರೆ ನಟಿಯ ಮುಖ ಬಾಡುತ್ತದೆ. "ಕಾಲು ನಿಲ್ಲಿಸಬ್ಯಾಡ, ಕಣ್ಣ ಎತ್ತಬ್ಯಾಡ. ಕೇಳೂದು ಅವರ ಹಕ್ಕು, ಕಾಯೂದು ನಮ್ಮ ಕೆಲಸ" ಎನ್ನುತ್ತಿದ್ದ ಅಪ್ಪ. ಆ ತಡೆ ನನ್ನ ಕೈಗೆ ಅಂಟಿಕೊಂಡಿತು.

ನನ್ನ ಯಜಮಾನರು ಬಸವರಾಜ ಔಷಧ ಕಂಪನಿಯಲ್ಲಿ ಕೆಲಸಕ್ಕೆಂದು ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಬಂದರು, ನಾನೂ ಬಂದೆ. ಮಕ್ಕಳಿಗೆ ಮನೆಯಲ್ಲೇ ಪೇಟಿ ಹೇಳಿಕೊಡುತ್ತ ಇದ್ದೆ. ಸಂಜೆಯ ಕಾಲೇಜಿನಲ್ಲಿ ಪಿಯಾನೋ ಕಲಿತೆ. ತರಗತಿಯಲ್ಲಿ ನನ್ನ ತಲೆಯೊಂದೇ ಬೆಳ್ಳಗಿತ್ತು. ಆಗ ಹಳೆಯ ತಂಬಾಕಿನ ಗೋದಾಮಿನಲ್ಲಿದ್ದ ಸುರುಳಿ ಕಾರ್ಖಾನೆಗೆ, ತಯಾರಾದ ಸುರುಳಿಗಳನ್ನು ತುಳಿದು ಪರೀಕ್ಷಿಸಲು ಜನ ಬೇಕೆಂದು ತಿಳಿದು ಹೋದೆ. ಮಾಲೀಕರ ಹೆಸರು ವಾಲ್ಟರ್. ನಾನು ವಾಲ್ಟರ್ ಸಾಹೇಬರು ಎನ್ನುತ್ತಿದ್ದೆ. ಅವರು ಕ್ಯಾರೊಲೈನಾದಲ್ಲೇ ಹುಟ್ಟಿ ಬೆಳೆದವರು, ಅವರ ಇಂಗ್ಲಿಷ್ ಎಳೆದೆಳೆದು ಬರುತ್ತಿತ್ತು, ನನ್ನ ಕಿವಿಗೆ ನಮ್ಮ ಕಡೆಯ ಮಾತಿನಂತೆಯೇ ಕೇಳುತ್ತಿತ್ತು. ಹಾಗಾಗಿ ಇಲ್ಲಿ ಅವರನ್ನು ನಮ್ಮ ಕಡೆಯ ಕನ್ನಡದಲ್ಲೇ ಮಾತಾಡಿಸುತ್ತೇನೆ.

ನಾನು ಕೂತು ತುಳಿಯತೊಡಗಿದಾಗ ಅವರು ಬಂದು ನನ್ನ ಕಾಲನ್ನೇ ನೋಡುತ್ತ ನಿಂತರು.

"ಈ ಕಾಲು ಎಲ್ಲಿ ಕಲತದ್ದವ್ವಾ?"

"ನಾಟಕ ಕಂಪನಿಯೊಳಗ್ರಿ."

"ಕುಣಿತಿದ್ದೇನು?"

"ಇಲ್ರಿ, ಕುಣಿಯೋರನ್ನ ಕುಣಸ್ತಿದ್ವಿ."

ಕೆಲಸ ಸಿಕ್ಕಿತು. ಪೇಟಿ ಗಾಳಿಯನ್ನು ಹೊರಗೆ ತಳ್ಳುತ್ತದೆ, ಈ ಪಿಯಾನೋ ಒಳಗೆ ಎಳೆದುಕೊಳ್ಳುತ್ತದೆ. ಕಾಲಿಗೆ ಎರಡೂ ಒಂದೇ. ಮೆಲ್ಲಗೆ ತುಳಿದರೆ ಮೆತ್ತಗಿನ ನಾದ, ಒತ್ತಿ ತುಳಿದರೆ ಗಟ್ಟಿ ನಾದ. ಹೊಸಬರು ಸೈಕಲ್ ತುಳಿದಂತೆ ತುಳಿಯುತ್ತಾರೆ. ಮೇಘನಾ, ನೀನೂ ಹಾಗೆಯೇ ತುಳಿಯುತ್ತೀಯಂತೆ. ಬಿಡು ಅದನ್ನು.

2020ರಲ್ಲಿ ಕೋವಿಡ್ ಬಂದಾಗ, ಬಹಳ ವರ್ಷಗಳಿಂದ ನುಡಿಸುತ್ತಿದ್ದ ವಯಸ್ಸಾದ ಪಿಯಾನಿಸ್ಟರು ಮನೆಯಿಂದ ಹೊರಬರುವುದನ್ನು ನಿಲ್ಲಿಸಿದರು. ಅದೇ ಹೊತ್ತಿಗೆ ಮನೆಯಲ್ಲೇ ಕೂತ ಜನ ಬೇಸ್‌ಮೆಂಟಿನಲ್ಲಿ ಧೂಳು ತಿನ್ನುತ್ತಿದ್ದ ಪಿಯಾನೋಗಳನ್ನು ರಿಪೇರಿ ಮಾಡಿಸಿ ಸುರುಳಿ ಕೇಳತೊಡಗಿದರು. ಸಾಹೇಬರು ಮಾಸ್ಕಿನ ಹಿಂದಿನಿಂದ, "ಶಕು, ಇನ್ನ ನೀನs ನುಡಸು" ಎಂದರು. ಮೂರೆಣಿಕೆಯ ತಾಳದ ಹಳೆಯ ವಾಲ್ಟ್ಜ್ ಹಾಡುಗಳು, ಚರ್ಚಿನ ಹಾಡುಗಳು, ಕುಣಿತದ ಮಟ್ಟುಗಳು. ಕೂತೆ.

ಮೊದಲ ಸುರುಳಿಯನ್ನು ಕೇಳಿ ಅವರು ಗದ್ದ ತುರಿಸಿಕೊಂಡರು. ಪೇಟಿಯವರ ಎರಡೂ ಕೈ ಒಂದೇ ಹಾಡಿನ ಹಿಂದೆ ಹೋಗುತ್ತವೆ. "ನಿನ್ನ ಎರಡೂ ಕೈ ಒಂದs ಸುದ್ದಿ ಹೇಳಾಕತ್ತಾವು. ಎಡಗೈಗೆ ಬ್ಯಾರೆ ಏನರ ಉದ್ಯೋಗ ಹಚ್ಚು" ಎಂದರು. ಹಚ್ಚಲು ತಿಂಗಳುಗಟ್ಟಲೆ ಹಿಡಿಯಿತು.

ಎರಡನೆಯ ಎಡವಟ್ಟು ಪೇಟಿಯವರು ಬಿಟ್ಟರೆ ಬೇರೆ ಯಾರೂ ಮಾಡಲಾರದಂಥದ್ದು. ಪೇಟಿಯಲ್ಲಿ ಬೆರಳು ಒತ್ತಿ ಹಿಡಿದಷ್ಟು ಹೊತ್ತು ಸ್ವರ ಬದುಕಿರುತ್ತದೆ. ಪಿಯಾನೋದಲ್ಲಿ ಹೊಡೆದ ಕೂಡಲೇ ಅದು ಕರಗತೊಡಗುತ್ತದೆ, ಬೆರಳು ಹಿಡಿದೇ ಇದ್ದರೂ ಸ್ವಲ್ಪ ಹೊತ್ತಿಗೆ ಕಿವಿಗೆ ಏನೂ ತಿಳಿಯುವುದಿಲ್ಲ. ನನ್ನ ಬೆರಳುಗಳು ಅಭ್ಯಾಸದಂತೆ ಹಿಡಿದೇ ಇರುತ್ತಿದ್ದವು. ಕಿವಿಗೆ ತಿಳಿಯದ್ದು ಕಂಪ್ಯೂಟರಿಗೆ ತಿಳಿಯಿತು. ಹಿಡಿದಷ್ಟು ಉದ್ದಕ್ಕೂ ಕಾಗದದಲ್ಲಿ ತೂತಿನ ಸಾಲು ಬಿತ್ತು. ಅಂಥ ಹತ್ತಾರು ಸಾಲು ಪಕ್ಕಪಕ್ಕದಲ್ಲಿ ಬಿದ್ದು ಕಾಗದ ಹಳೆಯ ಧೋತರದಂತೆ ಜಾಳಾಗಿ, ಅಟ್ಲಾಂಟಾದ ಗಿರಾಕಿಯೊಬ್ಬರ ಪಿಯಾನೋದೊಳಗೆ ಚೂರುಚೂರಾಯಿತು. ಅವರು ಚೂರುಗಳನ್ನು ಡಬ್ಬಿಯಲ್ಲಿ ಹಾಕಿ ವಾಪಸು ಕಳಿಸಿದರು. ಸಾಹೇಬರು ಬೈಯಲಿಲ್ಲ. ಆ ಡಬ್ಬಿಯನ್ನು ನನ್ನ ಪಿಯಾನೋದ ಮೇಲೆ ಇಟ್ಟರು, ಅಷ್ಟೇ. ಅದು ಈಗಲೂ ಅಲ್ಲೇ ಇರಬೇಕು, ಮೇಘನಾ, ಎಸೆಯಬೇಡ.

ಕ್ಯಾರೊಲೈನಾದ ಆಗಸ್ಟನ್ನೂ ನೆನಪಿಡಬೇಕು. ಗಾಳಿಯಲ್ಲಿ ನೀರು ತುಂಬಿ ಕಾಗದ ಅಗಲವಾಗುತ್ತದೆ. ಒಮ್ಮೆ ಏಸಿ ಕೆಟ್ಟ ದಿನ ಸುರುಳಿ ಹಾಕಿ ತುಳಿದೆ. ತೂತುಗಳು ತಮ್ಮ ಮನೆ ಬಿಟ್ಟು ಪಕ್ಕದ ಮನೆಗೆ ಹೋಗಿ, ಚರ್ಚಿನ ಹಾಡು ಜಗಳವಾದಂತೆ ಕೇಳಿಸಿತು. ಸುರುಳಿಯದಾಗಲಿ ಯಂತ್ರದ್ದಾಗಲಿ ತಪ್ಪು ಹುಡುಕುವ ಮೊದಲು ಹೊರಗಿನ ಹವೆ ನೋಡಬೇಕು.

ಇನ್ನು ಹೆಸರಿನ ವಿಷಯ. ಪ್ರತಿ ಸುರುಳಿಯ ತುದಿಗೆ, ಅದನ್ನಿಡುವ ಡಬ್ಬಿಯ ಮೇಲೂ, ಒಂದು ಚೀಟಿ ಅಂಟಿಸುತ್ತಾರೆ. ಹಾಡಿನ ಹೆಸರು, ಕೆಳಗೆ 'ನುಡಿಸಿದವರು' ಎಂದು ಒಂದು ಹೆಸರು. ನನ್ನ ಮೊದಲ ಸುರುಳಿ ಒಪ್ಪಿಗೆಯಾದಾಗ ಸಾಹೇಬರು ಚೀಟಿ ತೋರಿಸಿದರು. ಅದರಲ್ಲಿ 'ಸ್ಯಾಲಿ ಹ್ಯೂಸ್' ಎಂದಿತ್ತು.

"ಇಕಿ ಯಾರ್ರಿ?"

"ನೀನs." ಅವರಿಗೆ ನಾಚಿಕೆಯಾಗಿತ್ತು, ಕಿಟಕಿಯ ಕಡೆ ನೋಡಿ ಮಾತಾಡಿದರು. "ಈ ಕಸಬಿನೊಳಗ ಮೊದಲಿಂದ ಹಿಂಗs ನಡದೈತಿ. ಒಬ್ಬಾಂವ ನಾಕು ಹೆಸರಿಲೆ ನುಡಿಸಿದ್ದೈತಿ. ಹಳೇ ವಾಲ್ಟ್ಜ್ ತಗೊಳ್ಳೋ ಮಂದಿ ವಯಸ್ಸಾದೋರು, ಬಾಯಿಗೆ ಹೊಂದೋ ಹೆಸರು ಬೇಡತಾರ."

ಅದು ಸುಳ್ಳಲ್ಲ. ಈ ಕಸಬಿನಲ್ಲಿ ಸುಳ್ಳು ಹೆಸರು ಹಳೆಯ ಪದ್ಧತಿ. ಹೊಸ ಕೆಲಸ, ಒಪ್ಪಿಕೊಂಡೆ. ಮನೆಯಲ್ಲಿ ಬಸವರಾಜರಿಗೆ ಒಂದು ಆಟ ಸಿಕ್ಕಿತು. "ಏನ್ರಿ ಸ್ಯಾಲೀಬಾಯಾರ, ಇವತ್ತ ಚಾ ಸಿಗತೈತೇನ್ರಿ?" ಎಂದು ಶುರು ಮಾಡಿದರು. ಮೊದಮೊದಲು ನಗುತ್ತಿದ್ದೆ. ಆಮೇಲೆ ಒಂದು ದಿನ, "ಚಾ ಸ್ಯಾಲಿ ಮಾಡತಾಳ, ಆಕಿನ್ನ ಕೇಳ್ರಿ" ಎಂದು ಒಳಗೆ ಹೋದೆ. ಅವರು ತಾವೇ ಚಾ ಮಾಡಿ ತಂದುಕೊಟ್ಟರು, ಮತ್ತೆ ಹಾಗೆ ಕರೆಯಲಿಲ್ಲ.

ಸ್ಯಾಲಿಗೆ ಗಿರಾಕಿಗಳಾದರು. ಅವರಲ್ಲಿ ಮುಖ್ಯರಾದವರು ದಕ್ಷಿಣ ಕ್ಯಾರೊಲೈನಾದ ಸಣ್ಣ ಊರೊಂದರ ಎಡ್ನಾ ಎಂಬ ಹಿರಿಯ ಹೆಂಗಸು. ಅಲ್ಲಿಯ ರೂಢಿಯಂತೆ ಎಲ್ಲರೂ ಮಿಸ್ ಎಡ್ನಾ ಎನ್ನುತ್ತಿದ್ದರು. ಸುರುಳಿ ಕೈಸೇರಿದಾಗಲೆಲ್ಲ ಕಾರ್ಖಾನೆಗೆ ಫೋನ್ ಮಾಡಿ ಸಾಹೇಬರಿಗೆ ಅಭಿಪ್ರಾಯ ಹೇಳುತ್ತಿದ್ದರು. ಅವರ ಇಂಗ್ಲಿಷೂ ಎಳೆದದ್ದೇ, ಅವರನ್ನೂ ನಮ್ಮ ಕಡೆಯ ಕನ್ನಡದಲ್ಲೇ ಮಾತಾಡಿಸುತ್ತೇನೆ. ಅವರ ಗಂಡನಿಗೆ ಶ್ವಾಸಕೋಶದ ಕಾಯಿಲೆ. ಮಿಸ್ ಎಡ್ನಾ ತುಳಿಯುವುದು, ಗಂಡ ಪಕ್ಕದಲ್ಲಿ ಕೂತು ಹಾಡುವುದು, ಇದು ಅವರ ಮಧ್ಯಾಹ್ನದ ಪದ್ಧತಿ.

ಮರುವರ್ಷ ಸಾಹೇಬರು ಹೊಸ ಸಾಫ್ಟ್‌ವೇರ್ ತಂದರು. ಮೊದಲು ತಿದ್ದುವುದೆಂದರೆ ಪರದೆಯ ಮೇಲೆ ಒಂದೊಂದೇ ತೂತನ್ನು ಅತ್ತಿತ್ತ ಸರಿಸುವುದು, ದಿನಗಟ್ಟಲೆ ಕೆಲಸ. ಹೊಸದರಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲ ತೂತುಗಳೂ ತಾಳಕ್ಕೆ ಸಿಪಾಯಿಗಳಂತೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಕೊನೆಯ ಸಾಲಿಗೆ ಮುಂಚಿನ ನನ್ನ ತಡೆ ಆ ಗುಂಡಿಗೆ ತಪ್ಪಾಗಿ ಕಂಡಿತು. ಪಿಯಾನೋದಲ್ಲಿ ಸ್ವರ ಹಿಡಿದಿರುವಂತಿಲ್ಲ, ಹಾಗಾಗಿ ತಡೆ ಎಂದರೆ ಕಾಗದದ ಲೆಕ್ಕದಲ್ಲಿ ಖಾಲಿ ಜಾಗ. ಅದು ಖಾಲಿ ಜಾಗವನ್ನು ತೆಗೆದುಹಾಕಿತು. ತಡೆ ಹೋಗಿದೆ ಎಂದು ನಾನು ಹೇಳಿದೆ. ಸಾಹೇಬರು, "ಕೇಳೋರಿಗೆ ಏನೂ ತಿಳಿಯೂದಿಲ್ಲ ಬಿಡು" ಎಂದರು.

ಸುರುಳಿಗಳು ಹೋದವು. ವಾರದೊಳಗೆ ಫೋನ್ ಬಂತು. ಸಾಹೇಬರು ಸ್ಪೀಕರಿಗೆ ಹಾಕಿದರು.

"ಸ್ಯಾಲಿಗೆ ಆರಾಮ ಇಲ್ಲೇನು?" ಮಿಸ್ ಎಡ್ನಾ ಕೇಳಿದರು.

"ಆರಾಮ ಅದಾಳ್ರಿ. ಯಾಕ್ರಿ?"

"ಗಡಿಬಿಡಿ ಮಾಡಾಕತ್ತಾಳ. ಯಾವಾಗಲೂ ಕಡೀ ಸಾಲಿಗೆ ಮೊದಲ ತಡೀತಿದ್ಲು. ಅಲ್ಲಿ ನಮ್ಮ ಯಜಮಾನರು ಉಸಿರು ತಗೋತಾರ. ನಿನ್ನೆ ಉಸಿರು ಸಾಲದs ಕೆಮ್ಮಿಕೋತ ಹಾಡೂದು ಬಿಟ್ರು. ಬ್ಯಾರೆಯವರ ಸುರುಳಿ ನಮಗ ಆಗೂದಿಲ್ಲ ವಾಲ್ಟರ್. ಸ್ಯಾಲಿ ಒಬ್ಬಾಕಿನs ಕಾಯಾಕಿ."

ಸಾಹೇಬರು ಫೋನಿಟ್ಟರು. ಆಮೇಲೆ ಎದ್ದು ಹೋಗಿ, ಆ ಸುರುಳಿಯಷ್ಟನ್ನೂ ಕೈಯಾರೆ ಮತ್ತೆ ತಿದ್ದಿ, ಖಾಲಿ ಜಾಗಗಳನ್ನು ಇದ್ದಲ್ಲೇ ಇಟ್ಟು, ಮಿಸ್ ಎಡ್ನಾಗೆ ಬೇರೆ ಪ್ರತಿ ಕಳಿಸಿದರು. ಆ ಗುಂಡಿಯನ್ನು ನನ್ನ ಸುರುಳಿಗಳಿಗೆ ಮತ್ತೆ ಒತ್ತಲಿಲ್ಲ. ಹೊಸ ಉಪಕರಣ ಬಂದಾಗ ಮೇಘನಾ ಯೋಚಿಸಬೇಕಾದದ್ದು ಇದು: ಅದು ಏನನ್ನು ತಪ್ಪು ಎಂದು ತಿಳಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ನನಗೆ ಸಂತೋಷವಾಗಬೇಕಿತ್ತು, ಆಯಿತು. ಆದರೆ ಕಾರಿನಲ್ಲಿ ಮನೆಗೆ ಬರುವಾಗ ಇನ್ನೊಂದು ಯೋಚನೆಯೂ ಬಂತು. ಅಪ್ಪನ ತಡೆ, ನನ್ನ ಕೈ, ಹೊಗಳಿಕೆ ಮಾತ್ರ ಯಾರೋ ಸ್ಯಾಲಿಗೆ.

ಆ ಯೋಚನೆಯನ್ನು ಅದುಮಿಟ್ಟುಕೊಂಡೇ ಎರಡು ಮೂರು ವರ್ಷ ನುಡಿಸಿದೆ. ಅದು ಹೊರಬಂದದ್ದು ನಮ್ಮಿಂದ ನಾಲ್ಕು ಗಂಟೆ ದಾರಿಯ ಆಶ್‌ಬರ್ನ್ ಎಂಬ ಊರಿನಲ್ಲಿ. ಅಲ್ಲಿ ವಿದ್ಯಾ ಮತ್ತು ಶ್ರೀನಾಥ ಎಂಬ ನಮ್ಮ ಪರಿಚಯದ ದಂಪತಿ ಇದ್ದಾರೆ, ಬೆಂಗಳೂರಿನವರು, ಇಬ್ಬರಿಗೂ ಡೇಟಾ ಸೆಂಟರಿನಲ್ಲಿ ಕೆಲಸ. ಯಾರೋ ಮನೆ ಖಾಲಿ ಮಾಡುವಾಗ ಪುಕ್ಕಟೆ ಕೊಟ್ಟರೆಂದು ಶ್ರೀನಾಥ ಒಂದು ತುಳಿಯುವ ಪಿಯಾನೋ ತಂದಿಟ್ಟಿದ್ದ. ಟೌನ್‌ಹೌಸಿನ ಮೆಟ್ಟಿಲು ಹತ್ತಿಸುವಾಗ ಗೋಡೆಯ ಮೂಲೆಯೊಂದು ಹೋಗಿತ್ತು. ಸುರುಳಿ ಒಯ್ಯಲು ಇಬ್ಬರೂ ಕಾರ್ಖಾನೆಗೆ ಬಂದು ಹೋಗಿದ್ದರು, ಈಗ ಊಟಕ್ಕೆ ಕರೆದಿದ್ದರು. ಹೊಸ ಸುರುಳಿ ಹಾಕಿ ನಾನೇ ತುಳಿದು ತೋರಿಸಿದೆ. ವಿದ್ಯಾ ಡಬ್ಬಿಯನ್ನು ತಿರುಗಿಸಿ ನೋಡಿದಳು.

"ಆಂಟಿ, ಸ್ಯಾಲಿ ಹ್ಯೂಸ್ ಅಂತಿದೆ. ಇದು ನೀವು ನುಡಿಸಿದ್ದಲ್ವಾ?"

"ನಾನs ನುಡಿಸಿದ್ದವ್ವಾ. ಅದು ಕಂಪನಿಯವರು ಇಟ್ಟ ಹೆಸರು."

"ಅಯ್ಯೋ, ನಾವು ನಾಲ್ಕು ಗಂಟೆ ಡ್ರೈವ್ ಮಾಡಿದ್ದು ಸ್ಯಾಲಿಗೋಸ್ಕರಾನಾ? ಶ್ರೀ, ನೋಡಿಲ್ಲಿ, ಎಲ್ಲರಿಗೂ ಶಕ್ಕು ಆಂಟಿ ನುಡಿಸಿರೋ ರೋಲು ಅಂತ ಹೇಳ್ಕೊಂಡು ತಿರುಗ್ತಿದೀಯಲ್ಲ, ಇನ್ಮೇಲೆ ಯಾರು ನಂಬ್ತಾರೆ?"

"ಬಿಡೇ, ಆಫೀಸಲ್ಲಿ ನನ್ನನ್ನೂ ಎಲ್ಲರೂ ಶ್ರೀ ಅಂತಾನೇ ಕರಿಯೋದು" ಎಂದ ಶ್ರೀನಾಥ.

"ನಿನ್ನ ಸಂಬಳದ ಚೆಕ್ಕಲ್ಲಿ ಪೂರ್ತಿ ಹೆಸರೇ ಇರುತ್ತಲ್ಲ" ಎಂದಳು ವಿದ್ಯಾ, ಮತ್ತು ಅನ್ನ ಬಡಿಸಲು ಒಳಗೆ ಹೋದಳು.

ಅವಳು ತಮಾಷೆಗೆ ಅಂದದ್ದು. ಬಸವರಾಜರು ಮಾತ್ರ ನನ್ನ ಮುಖ ನೋಡಿದರು. ವಾಪಸು ಕಾರು ಓಡಿಸಿಕೊಂಡು ಮನೆ ಹತ್ತಿರ ಬಂದಾಗ, "ನಿವೃತ್ತಿ ಆಗೂದರೊಳಗ ಕೇಳಿಬಿಡು. ಆಮ್ಯಾಲೆ ಕೇಳಿದ್ರ ಬರೇ ನೆನಪಿನ ಮಾತಾಕ್ಕೈತಿ" ಎಂದರು.

ಕೇಳಿದೆ. ಈ ವರ್ಷದ ಕೊನೆಗೆ ನಿಲ್ಲಿಸುತ್ತೇನೆ, ಕೊನೆಯ ಸುರುಳಿ ನನ್ನ ಹೆಸರಿನಲ್ಲಿ ಬರಬೇಕು, ಇಲ್ಲವಾದರೆ ಈಗಲೇ ನಿಲ್ಲಿಸುತ್ತೇನೆ ಎಂದೆ. ಸಾಹೇಬರಿಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು.

"ಅದು ಮಾರಾಟ ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ನನಗ ತಿಳೀತೈತ್ರಿ. ಅದೂ ತಿಳಕೊಳ್ಳಬೇಕಾದ್ದs."

"ಮಿಸ್ ಎಡ್ನಾ ಸ್ಯಾಲಿದು ಅಂದ್ರs ತಗೊಳ್ಳಾಕಿ. ಯಜಮಾನ್ರು ಹೋದ ಮ್ಯಾಲೂ ಆಕಿ ಬಿಟ್ಟಿಲ್ಲ. ಆ ಮುದುಕಿಗೆ ಏನ ಹೇಳ್ಲಿ?"

ಹೌದು, ಅಷ್ಟರಲ್ಲಿ ಮಿಸ್ ಎಡ್ನಾರ ಗಂಡ ತೀರಿಕೊಂಡಿದ್ದರು. ಹೆಸರು ಬೇಕೆಂಬುದು ನನ್ನ ಹಟ; ಆ ಹೆಂಗಸಿನ ಮಧ್ಯಾಹ್ನಗಳಿಂದ ಸ್ಯಾಲಿಯನ್ನು ಎಬ್ಬಿಸಿ ಕಳಿಸುವ ಹಕ್ಕು ನನಗಿದೆಯೇ ಎಂದು ಅನುಮಾನವಾಯಿತು. ಆದರೂ ಹಟ ಬಿಡಲಿಲ್ಲ.

ಕೊನೆಯ ಸುರುಳಿಗೆ ನಿನಗೆ ಬೇಕಾದ್ದು ನುಡಿಸು, ನಿಮ್ಮೂರಿನದಾದರೂ ಸರಿ ಎಂದರು ಸಾಹೇಬರು. ನಾನು ಎಂದಿನಂಥ ಹಳೆಯ ವಾಲ್ಟ್ಜನ್ನೇ ಆರಿಸಿದೆ. ನಾಟಕದ ಹಾಡು ನುಡಿಸಿದ್ದರೆ ಜನ ಅದನ್ನು ವಿಶೇಷ ವಸ್ತುವೆಂದು ಕೊಳ್ಳುತ್ತಿದ್ದರು, ಇಲ್ಲವೇ ಬಿಡುತ್ತಿದ್ದರು. ನನಗೆ ಬೇಕಾದದ್ದು ಅದಲ್ಲ. ಅದೇ ಮಾಲು, ಅದೇ ಕೈ, ಚೀಟಿ ಮಾತ್ರ ಬೇರೆ. ಕೊನೆಯ ಸಾಲಿಗೆ ಮುಂಚೆ ಎಂದಿನಂತೆ ತಡೆದೆ. ಚೀಟಿ ಅಚ್ಚಾಗಿ ಬಂದಾಗ ಸಾಹೇಬರು ಕಾಗುಣಿತ ಸರಿಯಿದೆಯೇ ನೋಡು ಎಂದರು. ಪದವಿ ಪತ್ರದಲ್ಲಿದ್ದಂತೆಯೇ ಮೂರೂ ಪದ ಇದ್ದವು. ಬೆರಳಿಟ್ಟು ಓದಿದೆ.

ಸುರುಳಿಗಳು ಹೋದವು. ಸ್ಯಾಲಿಯದು ಬೇಕೆಂದು ಕೇಳಿ ಕೆಲವರು ವಾಪಸು ಮಾಡಿದರು, ಬಹಳ ಜನ ಇಟ್ಟುಕೊಂಡರು. ಸಾಹೇಬರು ಮಿಸ್ ಎಡ್ನಾಗೆ ಏನೂ ಹೇಳದೆ ಒಂದು ಪ್ರತಿ ಕಳಿಸಿದ್ದರು. ಎಷ್ಟು ದಿನವಾದರೂ ಫೋನ್ ಬರಲಿಲ್ಲ. ನನ್ನ ಕೆಲಸದ ಕೊನೆಯ ವಾರ, ಬೆಳಗಿನ ಹೊತ್ತು, ನಾನು ಮೇಜಿನ ಖಾನೆ ಖಾಲಿ ಮಾಡುತ್ತಿದ್ದಾಗ ಬಂತು. ಸಾಹೇಬರು ಸ್ಪೀಕರಿಗೆ ಹಾಕಿ ನನ್ನನ್ನು ಕರೆದರು.

"ವಾಲ್ಟರ್, ಯಾರಿಕಿ?" ಮಿಸ್ ಎಡ್ನಾರ ದನಿ ಗಡುಸಾಗಿತ್ತು. "ಈ ಹೊಸಾಕಿ. ಹೆಸರು ಓದಾಕ ಬರವಲ್ದು. ಸ್ಯಾಲಿ ತಡಿಯೋದನ್ನ ಹಂಗs ಕದ್ದಾಳ. ಅದs ಜಾಗಾ, ಅಷ್ಟs ಹೊತ್ತು. ನಾಚಿಕಿ ಬ್ಯಾಡೇನು? ಸ್ಯಾಲಿಗೆ ಗೊತ್ತೈತೇನಿದು?"

ಸಾಹೇಬರು ನನ್ನ ಕಡೆ ನೋಡಿದರು. ಅವರ ಕಣ್ಣಿನಲ್ಲಿ, ತಾವೇ ಏನಾದರೂ ಹೇಳಿ ತಪ್ಪಿಸಿಕೊಳ್ಳಲೇ ಎಂಬ ಪ್ರಶ್ನೆಯಿತ್ತು. ನಾನು ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ.

"ಮಿಸ್ ಎಡ್ನಾ, ಸ್ಯಾಲಿ ಅನ್ನೋರು ಯಾರೂ ಇಲ್ರಿ. ಮೊದಲಿಂದ ನುಡಿಸಿದಾಕಿ ನಾನs. ತಡಿಯೋದು ನಮ್ಮಪ್ಪ ಕಲಿಸಿದ್ದು. ಅದು ಅಪ್ಪನ ಜಾಗಾ." ಆಮೇಲೆ ಹೆಸರು ಹೇಳಿದೆ.

ಆ ಕಡೆಯಿಂದ ಏನೂ ಬರಲಿಲ್ಲ. ಫೋನ್ ಇಟ್ಟರೇನೋ ಎಂದು ಸಾಹೇಬರು ಗುಂಡಿಯ ಕಡೆ ಕೈ ಚಾಚಿದರು, ಬೇಡವೆಂದು ತಲೆಯಾಡಿಸಿದೆ. ಕಾಯುವುದು ನನಗೆ ಗೊತ್ತಿತ್ತು. ಕಣ್ಣು ಎತ್ತದೆ, ಮೇಜಿನ ಕೆಳಗೆ ಕಾಲು ತಾನಾಗಿ ಮೆಲ್ಲಗೆ ತುಳಿಯುತ್ತ, ಕೂತೇ ಇದ್ದೆ.

"ಒಂದೊಂದs ಅಕ್ಷರ ಬಿಡಿಸಿ ಹೇಳು" ಎಂದರು ಕೊನೆಗೆ. ದನಿ ಸಣ್ಣಗಾಗಿತ್ತು. ಹೇಳಿದೆ. ಪೆನ್ಸಿಲ್ ಗೀಚುವ ಸಪ್ಪಳ ಕೇಳಿಸಿತು. ತಾವೇ ಓದಿಕೊಂಡರು, ಅರ್ಧಕ್ಕೆ ತೊದಲಿದರು. ಆಮೇಲೆ ತಮ್ಮ ಎಳೆದ ಇಂಗ್ಲಿಷಿನಲ್ಲಿ ಅಂದದ್ದನ್ನು ಮಾತ್ರ ನಾನು ಕನ್ನಡ ಮಾಡಬೇಕಾಗಿಲ್ಲ.

"ವನ್ಸ್ ಮೋರ್."

ಪಲ್ಲವಿಯಿಂದಲೇ ಎತ್ತಿಕೊಂಡೆ: ಶಕುಂತಲಾ ಈರಪ್ಪ ಹೂಗಾರ.